ಹಬೆ ಕಾಣದ ಕಣಿವೆಗಳಲ್ಲಿ

ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಭೂಶಾಖ ಹುಡುಕುವವರ ಸಾಮಾನುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಎರಡು ಮೀಟರಿನ ಒಂದು ಉಕ್ಕಿನ ಕೊಳವೆ. ಬಡಿಯುವ ಡ್ರಿಲ್ಲಿನಿಂದ ಅದನ್ನು ನೆಲಕ್ಕೆ ಇಳಿಸಿ, ಒಳಗೆ ತಾಪಮಾಪಕ ಬಿಡುತ್ತಾರೆ. ಬಡಿತದ ಬಿಸಿ ಆರಿ ಕೊಳವೆ ಮಣ್ಣಿನ ಬಿಸಿಗೆ ಹೊಂದಿಕೊಳ್ಳಲಿ ಎಂದು ತಾಸುಹೊತ್ತು ಕಾದು, ಅಂಕಿ ಬರೆದುಕೊಂಡು, ಕಿತ್ತು ಮುಂದಿನ ಜಾಗಕ್ಕೆ ಹೊರಡುತ್ತಾರೆ. ಹಗಲಿನ ಬಿಸಿಲು, ರಾತ್ರಿಯ ಚಳಿ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಋತುಮಾನದ ಏರಿಳಿತ ಮಾತ್ರ ಇಳಿಯುತ್ತದೆ; ಅದನ್ನು ಲೆಕ್ಕದಿಂದ ಕಳೆಯಲು ಒಂದು ಕೊಳವೆಯನ್ನು ಒಂದೇ ಕಡೆ ಬಿಟ್ಟು ಮತ್ತೆಮತ್ತೆ ಅಳೆಯಬೇಕು. ಕಪ್ಪು ಕಲ್ಲಿನ ನೆಲ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬರೀ ಬಿಸಿಲಿಗೇ ಕಾದು ಮೋಸ ಮಾಡುವುದೂ ಉಂಟು.

ಕೊಳವೆ ಊರುವುದು ಎಲ್ಲಿ? ಟೀಲ್ಸ್ ಮಾರ್ಷ್ ಎಂಬ ಒಣಗಿದ ಕೆರೆಯಂಗಳದಲ್ಲಿ 1872ರಲ್ಲಿ ಫ್ರಾನ್ಸಿಸ್ ಮರಿಯನ್ ಸ್ಮಿತ್‌ಗೆ ಬಿಳಿಗಾರ ಸಿಕ್ಕಿತ್ತು. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಅದೇ ಬಿಳಿಗಾರ. ಅದರಲ್ಲಿರುವ ಬೋರಾನನ್ನು ಬಿಸಿನೀರೇ ಹೊತ್ತು ತಂದಿರಬಹುದು ಎಂದು ಶತಮಾನ ಕಳೆದ ಮೇಲೆ ಭೂವಿಜ್ಞಾನಿಗಳು ಊಹಿಸಿ, ಅಲ್ಲಿ ಕೊಳವೆ ಊರಿದರು. ನೆಲದಡಿ ಬಿಸಿ ಇತ್ತು.

ನೆವಾಡಾದಲ್ಲಿ ಭೂಮಿಯ ತೊಗಟೆ ಎರಡು ಕಡೆಗೂ ಎಳೆದು ತೆಳುವಾಗಿದೆ. ಆಳಕ್ಕೆ ಇಳಿದ ಮಳೆ, ಹಿಮದ ನೀರು ಕಾದು ಸ್ತರಭಂಗಗಳ, ಅಂದರೆ ಬಂಡೆ ಸೀಳಿ ಸರಿದ ಬಿರುಕುಗಳ, ಸಂದಿಯಲ್ಲಿ ಮೇಲೇರುತ್ತದೆ. ಆದರೆ ಕಣಿವೆಯ ಜಲ್ಲಿಮಣ್ಣಿನಲ್ಲೇ ಹರಡಿ, ತಣ್ಣೀರಿಗೆ ಬೆರೆತು ಕಣ್ಮರೆಯಾಗುತ್ತದೆ. ಬುಗ್ಗೆಯೂ ಇಲ್ಲ, ಹಬೆಯೂ ಇಲ್ಲ. ಬ್ಲೂ ಮೌಂಟನ್‌ನಲ್ಲಿ ಇಂಥ ಬಿಸಿ ಗೊತ್ತಾದದ್ದು ಚಿನ್ನ ಹುಡುಕಿ ಕೊರೆದಾಗ! ಅದೃಷ್ಟವನ್ನು ನೆಚ್ಚದೆ ಲೆಕ್ಕ ಹಾಕಿದವರಲ್ಲಿ ನೆವಾಡಾ ವಿಶ್ವವಿದ್ಯಾಲಯದ ಜೇಮ್ಸ್ ಫೋಲ್ಡ್ಸ್ ಮುಖ್ಯರು. ಸ್ತರಭಂಗದ ನಡುಮಧ್ಯಕ್ಕಿಂತ, ಅದು ಮುಗಿಯುವ, ಇನ್ನೊಂದನ್ನು ಸಂಧಿಸುವ ಕಡೆ ಬಿಸಿನೀರು ಹೆಚ್ಚು ಎಂದು ಅವರ ತಂಡ ತೋರಿಸಿತು. ಆ ಜಾಡಿನಲ್ಲಿ ಹೋಗಿ ಗ್ಯಾಬ್ಸ್ ಕಣಿವೆಯಲ್ಲಿ ಬಾವಿ ಕೊರೆದಾಗ ನೀರು ಕುದಿಯುವುದಕ್ಕೂ ಮೀರಿದ ಬಿಸಿ ಸಿಕ್ಕಿತು.

ಹೀಗೆ ಅಡಗಿದ್ದನ್ನೇ ಹುಡುಕಬೇಕು ಎನ್ನುವವರ ಪಕ್ಷ ನನ್ನದು. ಕಾಣುವ ಬುಗ್ಗೆಯ ಪಕ್ಕ ಕೊರೆದರೆ ಬುಗ್ಗೆಗೇ ಕುತ್ತು. ಡಿಕ್ಸಿ ಕಣಿವೆಯಲ್ಲಿ ವಿದ್ಯುತ್ ಯೋಜನೆಯ ಭಯದ ನಡುವೆ, ಅಲ್ಲಿನ ಬುಗ್ಗೆಗಳ ಬಳಿ ಮಾತ್ರ ಬದುಕುವ ಪುಟ್ಟ ಕಪ್ಪೆಯನ್ನು 2022ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಬೇಕಾಯಿತು. ಬಿಯೊವಾವೆ ಎಂಬ ಜಾಗದ್ದು ಇನ್ನೂ ಹಳೆಯ ಕಥೆ. ಯೆಲ್ಲೋಸ್ಟೋನ್ ಬಿಟ್ಟರೆ ಆ ದೇಶದ ದೊಡ್ಡ ಚಿಮ್ಮುಬುಗ್ಗೆಗಳ ತಾಣಗಳಲ್ಲಿ ಅದೂ ಒಂದಾಗಿತ್ತು. ಬಾವಿಗಳು ಬಂದವು, 1985ರಲ್ಲಿ ವಿದ್ಯುತ್ ಸ್ಥಾವರವೂ ಬಂತು. ಚಿಮ್ಮುಬುಗ್ಗೆಗಳನ್ನು ಈಗ ಹಳೆಯ ಫೋಟೋಗಳಲ್ಲಿ ನೋಡಬೇಕು.