ಹನೋಯ್‌ ಹಂದಿ, ಬೆಂಡಿಗೇರಿ ಶಾವಿಗೆ

‘ಲೇ, ಅದು ಹಂದಿ ಅಲ್ಲೇನೋ?’

ನನ್ನ ವಾಟ್ಸ್‌ಆ್ಯಪ್‌ ಸ್ಟೇಟಸ್‌ಗೆ ಬಂದ ಈ ಒಂದು ಸಾಲು ಓದಿದ ಮೇಲೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಕಳಿಸಿದವನು ಊರಿನ ಗೆಳೆಯ. ಗೆಳೆಯ ಅನ್ನುವುದಕ್ಕೂ ನನಗೆ ಹಕ್ಕಿದೆಯೋ ಇಲ್ಲವೋ ಗೊತ್ತಿಲ್ಲ. ನಾವಿಬ್ಬರೂ ಸರಿಯಾಗಿ ಮಾತಾಡಿ ಹದಿಮೂರು ವರ್ಷವಾಗಿತ್ತು.

ನನ್ನೂರು ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿ. ಈಗ ಇರುವುದು ಬೆಂಗಳೂರಿನಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಜೊತೆಗಿರುವ ರೂಂಮೇಟ್‌ ಕೊಡಗಿನವನು. ನಮ್ಮ ಮನೆಯಲ್ಲಿ ಹಬ್ಬಕ್ಕೆ, ಜಾತ್ರೆಗೆ ಕುರಿ ಕೋಳಿ ಉಂಟು. ಹಂದಿಯ ಹೆಸರನ್ನು ಮಾತ್ರ ಊಟದ ಹೊತ್ತಿನಲ್ಲಿ ಎತ್ತುವಂತಿಲ್ಲ. ಅಂಥವನು ಹಂದಿ ಮಾಂಸ ಸುಟ್ಟು, ಶಾವಿಗೆ ಮೇಲೆ ಹರಡಿ, ಪುದೀನ ಉದುರಿಸಿ, ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದ್ದೆ. ಕೆಳಗೆ ‘ಹೋಂಮೇಡ್‌ ವಿಯೆಟ್ನಾಮೀಸ್‌ ಗ್ರಿಲ್ಡ್‌ ಪೋರ್ಕ್‌’ ಎಂದು ಬರೆದಿದ್ದೆ. ಇಷ್ಟುದ್ದದ ಹೆಸರನ್ನು ಅವನು ಎರಡಕ್ಷರಕ್ಕೆ ಇಳಿಸಿಬಿಟ್ಟ.

ಈ ಅಡುಗೆಯ ಹುಚ್ಚು ಹತ್ತಿದ್ದು ಆಫೀಸಿನ ಪಾರ್ಟಿಯಿಂದ. ಟೀಂನವರು ಒಂದು ವಿಯೆಟ್ನಾಂ ಹೋಟೆಲ್‌ಗೆ ಕರೆದೊಯ್ದರು. ಒಂದು ಬಟ್ಟಲಿಗೆ 450 ರೂಪಾಯಿ. ಎಲ್ಲರೂ ತಿಂದರು, ನಾನೂ ತಿಂದೆ. ಕೆಂಡದ ವಾಸನೆ, ನಿಂಬೆಹುಲ್ಲಿನ ಘಮ, ಹುಳಿ–ಸಿಹಿ–ಖಾರದ ರಸ, ಕೆಳಗೆ ತಣ್ಣಗಿನ ಶಾವಿಗೆ. ಮನೆಗೆ ಬಂದು ಹೇಳಿದರೆ ರೂಂಮೇಟ್‌ ನಕ್ಕ. ‘ಇದರಲ್ಲಿ ಹೊಸದೇನಿದೆ? ನಮ್ಮಲ್ಲಿ ಅಕ್ಕಿ ಶಾವಿಗೆ ಒತ್ತಿ ನೂಪುಟ್ಟು ಮಾಡ್ತೀವಿ, ಜೊತೆಗೆ ಪಂದಿ ಕರಿ. ಅಜ್ಜಿ ಕಾಲದಿಂದ ತಿನ್ನೋದೇ ಅದು’ ಎಂದ. ವಿಯೆಟ್ನಾಂ ನನಗೆ ಹತ್ತಿರವಾದದ್ದು ಮಡಿಕೇರಿ ಮೇಲೆ ಹಾದು.

ವಿಯೆಟ್ನಾಂನಲ್ಲಿ ಈ ಅಡುಗೆ ಎರಡು ಬಗೆ. ಉತ್ತರದ ಹನೋಯ್‌ನಲ್ಲಿ ‘ಬುನ್‌ ಚಾ’. ಸುಟ್ಟ ಮಾಂಸವನ್ನು ಬೆಚ್ಚಗಿನ ಹುಳಿ–ಸಿಹಿ ರಸದಲ್ಲಿ ಮುಳುಗಿಸಿ ಕೊಡುತ್ತಾರೆ, ಶಾವಿಗೆ ಮತ್ತು ಸೊಪ್ಪು ಬೇರೆ ತಟ್ಟೆಯಲ್ಲಿ. ದಕ್ಷಿಣದಲ್ಲಿ ‘ಬುನ್‌ ಥಿತ್‌ ನುಆಂಗ್‌’. ಇಲ್ಲಿ ಎಲ್ಲವೂ ಒಂದೇ ಬಟ್ಟಲಿನಲ್ಲಿ, ಮೇಲೆ ಹುರಿದ ಶೇಂಗಾ ಪುಡಿ. ಬುನ್‌ ಎಂದರೆ ಅಕ್ಕಿ ಶಾವಿಗೆ, ಥಿತ್‌ ಎಂದರೆ ಮಾಂಸ, ನುಆಂಗ್‌ ಎಂದರೆ ಸುಟ್ಟದ್ದು. ಅಲ್ಲಿ ಇದು ದೊಡ್ಡವರ ಊಟವೇನಲ್ಲ, ಬೀದಿ ಬದಿಯಲ್ಲಿ ಪ್ಲಾಸ್ಟಿಕ್‌ ಸ್ಟೂಲ್‌ ಮೇಲೆ ಕುಳಿತು ತಿನ್ನುವಂಥದ್ದು. 2016ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್‌ ಒಬಾಮ, ಬಾಣಸಿಗ ಆಂಥನಿ ಬೋರ್ಡೇನ್‌ ಜೊತೆ ಹನೋಯ್‌ನ ಚಿಕ್ಕ ಹೋಟೆಲೊಂದರಲ್ಲಿ ಹೀಗೇ ಸ್ಟೂಲ್‌ ಮೇಲೆ ಕುಳಿತು ಬುನ್‌ ಚಾ ತಿಂದರು. ಬಿಲ್ಲು ಬರೀ 6 ಡಾಲರ್‌. ಆ ಮೇಜಿಗೆ ಆಮೇಲೆ ಗಾಜಿನ ಗೋಡೆ ಕಟ್ಟಿ ಕಾಪಾಡಿಟ್ಟಿದ್ದಾರೆ.

ನಮ್ಮ ಮೊದಲ ಪ್ರಯತ್ನ ಹಾಳಾಯಿತು. ನಿಂಬೆಹುಲ್ಲು ಅಂದರೆ ನಮ್ಮ ಕಡೆ ಹಿತ್ತಲಲ್ಲಿ ಬೆಳೆಯುವ ಮಜ್ಜಿಗೆ ಹುಲ್ಲು. ಚಹಾಕ್ಕೆ ಹಾಕುವ ಹಾಗೆ ಉದ್ದನೆಯ ಎಲೆಗಳನ್ನೇ ಹೆಚ್ಚಿ ಹಾಕಿದೆ. ತಿನ್ನುವಾಗ ಹಲ್ಲಿನ ಸಂದಿಯಲ್ಲೆಲ್ಲ ನಾರು! ಬೇಕಾಗುವುದು ಬುಡದ ಬಿಳಿ ಭಾಗ ಮಾತ್ರ, ಅದನ್ನೂ ನುಣ್ಣಗೆ ಜಜ್ಜಬೇಕು. ಶಾವಿಗೆ ಕುದಿಸುತ್ತಾ ಮೊಬೈಲ್‌ ನೋಡುತ್ತಿದ್ದೆ, ಅದು ಅಂಟಾಯಿತು. ಇನ್ನು ಮೀನಿನ ಸಾಸ್‌. ಸಣ್ಣ ಸಮುದ್ರ ಮೀನು ಮೂರು ಪಾಲು, ಉಪ್ಪು ಒಂದು ಪಾಲು ಪದರ ಪದರವಾಗಿ ತುಂಬಿ, ವರ್ಷದ ತನಕ ಕಳಿಸಿ ತೆಗೆಯುವ ರಸ ಅದು. ಬಾಟಲಿ ಮುಚ್ಚಳ ತೆಗೆದ ಕೂಡಲೇ ಸಂತೆಯ ಒಣಮೀನಿನ ಸಾಲೇ ಕೋಣೆಯೊಳಗೆ ಬಂದಂತಾಯಿತು. ಮಾಂಸಕ್ಕೆ ಹಾಕಿ ಸುಟ್ಟ ಮೇಲೆ ಮಾತ್ರ ಆ ವಾಸನೆ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಉಳಿದದ್ದು ರುಚಿ.

ಎರಡನೇ ಸಲ ಸರಿಯಾಯಿತು. ಬೇಕಾದವರಿಗೆ ಲೆಕ್ಕ ಹೇಳಿಬಿಡುತ್ತೇನೆ. ಅರ್ಧ ಕೆ.ಜಿ. ಮಾಂಸ, ಸ್ವಲ್ಪ ಕೊಬ್ಬು ಇರಲಿ, ಇಲ್ಲದಿದ್ದರೆ ಒಣಗಿ ಬೆಂಡಾಗುತ್ತದೆ. ತೆಳ್ಳಗೆ ಹೆಚ್ಚಿ. ಎರಡು ದಂಟು ನಿಂಬೆಹುಲ್ಲಿನ ಬುಡ, ಐದಾರು ಎಸಳು ಬೆಳ್ಳುಳ್ಳಿ, ನಾಲ್ಕು ಸಣ್ಣ ಈರುಳ್ಳಿ ಜಜ್ಜಿ, 2 ಚಮಚ ಮೀನಿನ ಸಾಸ್‌, 1 ಚಮಚ ಬೆಲ್ಲದ ಪುಡಿ, ಕಾಳುಮೆಣಸು ಸೇರಿಸಿ ಕಲಸಿ. ಕಡಿಮೆಯೆಂದರೆ ಒಂದು ತಾಸು ನೆನೆಯಲಿ. ಬೆಲ್ಲ ಇರುವುದರಿಂದ ಬೇಗ ಹೊತ್ತುತ್ತದೆ. ಉರಿ ಬೇಡ, ಕೆಂಡ ಇರಲಿ, ತಿರುವುತ್ತಲೇ ಇರಿ. ಒಳಗೆ ಕೆಂಪು ಉಳಿಯಲೇಬಾರದು. ಅರೆಬೆಂದ ಹಂದಿ ಮಾಂಸದಿಂದ ಲಾಡಿಹುಳು ಹೊಟ್ಟೆ ಸೇರುತ್ತದೆ, ಇದು ತಮಾಷೆಯ ಮಾತಲ್ಲ. ರಸಕ್ಕೆ ಮೀನಿನ ಸಾಸ್‌, ಸಕ್ಕರೆ, ಲಿಂಬೆರಸ ಒಂದೊಂದು ಪಾಲು, ನೀರು ನಾಲ್ಕು ಪಾಲು, ಮೇಲೆ ಬೆಳ್ಳುಳ್ಳಿ ಮತ್ತು ಹಸಿಮೆಣಸು. ನನ್ನ ರೂಂಮೇಟ್‌ ಲಿಂಬೆಯ ಜೊತೆ ನಾಲ್ಕು ಹನಿ ಕಾಚಂಪುಳಿಯನ್ನೂ ಬಿಟ್ಟ. ವಿಯೆಟ್ನಾಂನವರು ಒಪ್ಪುತ್ತಾರೋ ಇಲ್ಲವೋ, ನಮಗೆ ಒಪ್ಪಿತು. ಗಜ್ಜರಿ, ನವಿಲುಕೋಸು ಸಣ್ಣಗೆ ಸೀಳಿ ಅರ್ಧ ತಾಸು ಹುಳಿನೀರಿನಲ್ಲಿಡಿ. ಶಾವಿಗೆ ಬೆಂದ ತಕ್ಷಣ ತಣ್ಣೀರಿನಲ್ಲಿ ತೊಳೆದು ಬಸಿಯಿರಿ.

ಕೆಂಡದ ಒಲೆ ಹೂಡಿದ್ದು ತಾರಸಿಯಲ್ಲಿ. ಹೊಗೆ ನೋಡಿ ಮನೆ ಮಾಲೀಕರು ಏರಿ ಬಂದರು. ‘ಏನ್ರೋ ಸುಡ್ತಾ ಇದೀರಾ?’ ಎಂದರು. ರೂಂಮೇಟ್‌ ಥಟ್ಟನೆ, ‘ಬಾರ್ಬೆಕ್ಯೂ ಅಂಕಲ್‌, ವಿಯೆಟ್ನಾಮೀಸ್‌’ ಎಂದ. ‘ಓಹೋ, ಬಾರ್ಬೆಕ್ಯೂನಾ’ ಎಂದು ಸಮಾಧಾನದಿಂದ ಇಳಿದು ಹೋದರು. ನಾವು ಬಿದ್ದು ಬಿದ್ದು ನಕ್ಕೆವು. ಆ ನಗುವಿನಲ್ಲೇ ಫೋಟೊ ತೆಗೆದೆ, ಸ್ಟೇಟಸ್‌ ಹಾಕಿದೆ.

ಐದು ನಿಮಿಷಕ್ಕೆ ಆ ಸಾಲು ಬಂತು.

ಐದನೇ ಕ್ಲಾಸಿನಲ್ಲಿ ಅವನೂ ನಾನೂ ಒಂದೇ ಬೆಂಚು. ಒಂದು ಶನಿವಾರ ಮುಂಜಾನೆ ಶಾಲೆ ಬಿಟ್ಟ ಮೇಲೆ ಗೋಲಿ ಆಡಲು ಅವನ ಮನೆ ಹತ್ತಿರ ಹೋಗಿದ್ದೆ. ಊರ ಅಂಚಿನಲ್ಲಿ ಅವರ ಮನೆ. ಅವರು ಹಂದಿ ಸಾಕುತ್ತಿದ್ದರು. ಅಂಗಳದಲ್ಲಿ ಅವನ ಅವ್ವ ಕೆಂಡದ ಮೇಲೆ ಏನೋ ಸುಡುತ್ತಿದ್ದಳು. ಉಪ್ಪು, ಕೆಂಪು ಖಾರ, ಬೆಳ್ಳುಳ್ಳಿ ಹಚ್ಚಿದ ಮಾಂಸ. ನನಗೆ ಬಾಯಲ್ಲಿ ನೀರೂರಿದ್ದು ಇವತ್ತಿಗೂ ನೆನಪಿದೆ. ‘ಉಣ್ತಿಯೇನು ತಮ್ಮಾ?’ ಎಂದು ಎಲೆಯಲ್ಲಿ ಒಂದು ತುಂಡು ಇಟ್ಟು ಚಾಚಿದಳು. ಅದು ಯಾವ ಮಾಂಸ ಎಂದು ಹೊಳೆದದ್ದೇ ತಡ, ಗೋಲಿಗಳನ್ನೂ ಬಿಟ್ಟು ಓಡಿದೆ.

ಓಡಿದ್ದು ತಪ್ಪಲ್ಲ ಎಂದುಕೊಳ್ಳೋಣ, ಹತ್ತು ವರ್ಷದ ಹುಡುಗ. ಆದರೆ ಸೋಮವಾರ ಶಾಲೆಯಲ್ಲಿ ಅದನ್ನೇ ಎಲ್ಲರಿಗೂ ರಂಗಾಗಿ ಹೇಳಿದೆ. ಅಂದಿನಿಂದ ಅವನಿಗೆ ಬೇರೆ ಹೆಸರೇ ಬಿತ್ತು. ಬಿಸಿಯೂಟದ ಸಾಲಿನಲ್ಲಿ ಅವನ ಪಕ್ಕದಲ್ಲಿ ಕೂರುವವರು ಸರಿದು ಕೂತರು. ನಾನು ಬೆಂಚು ಬದಲಿಸಿದೆ. ಏಳನೇ ಕ್ಲಾಸಿನ ನಂತರ ಅವನು ಶಾಲೆ ಬಿಟ್ಟ. ಅದಕ್ಕೆ ಮನೆಯ ಕಷ್ಟವೂ ಕಾರಣವಿತ್ತು. ಆದರೆ ಆ ಹೆಸರು ಕಾರಣವಲ್ಲವೇ ಅಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಇನ್ನೊಂದು ಸಂಗತಿ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅದೇ ವರ್ಷ ಕನಕ ಜಯಂತಿಗೆ ಭಾಷಣ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ, ಒಂದು ಸ್ಟೀಲ್‌ ಲೋಟ. ಕನಕದಾಸರು ಹುಟ್ಟಿದ ಬಾಡ ನಮ್ಮ ತಾಲ್ಲೂಕಿನದೇ. ನಾನು ಮಾತಾಡಿದ್ದು ‘ರಾಮಧಾನ್ಯ ಚರಿತೆ’ ಬಗ್ಗೆ. ಭತ್ತ ಹೆಚ್ಚೋ ರಾಗಿ ಹೆಚ್ಚೋ ಎಂಬ ಜಗಳ ರಾಮನ ಮುಂದೆ ಬರುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ. ಕೊನೆಗೆ ಗಟ್ಟಿಯಾಗಿ ಉಳಿದದ್ದು ಬಡವರ ರಾಗಿ. ತಿನ್ನುವ ಅನ್ನದಲ್ಲಿ ಮೇಲು ಕೀಳು ಎಣಿಸಬಾರದು ಎಂದು ಕೈ ಎತ್ತಿ ಎತ್ತಿ ಹೇಳಿ ಚಪ್ಪಾಳೆ ತೆಗೆದುಕೊಂಡೆ. ಚಪ್ಪಾಳೆ ಹೊಡೆದವರಲ್ಲಿ ಅವನೂ ಇದ್ದ.

ಅವನ ಪ್ರಶ್ನೆಗೆ ಏನು ಬರೆಯಲಿ? ‘ಹೌದು, ಹಂದಿನ. ನಾನ ಮಾಡೀನಿ’ ಎಂದು ಬರೆದೆ. ಸ್ವಲ್ಪ ಹೊತ್ತಿಗೆ ಅವನು ಬರೆದ: ‘ಸುಟ್ಟಿದ್ದು ಸರಿಯಿಲ್ಲ. ಅಂಚು ಕರ್ರಗಾಗೇತಿ. ಊರಿಗೆ ಬಂದಾಗ ಬಾ, ತೋರಸ್ತೀನಿ.’

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದೆ. ಬ್ಯಾಗಿನಲ್ಲಿ ಮೀನಿನ ಸಾಸಿನ ಬಾಟಲಿ ಇತ್ತು. ಅವ್ವನಿಗೆ ಸುಳ್ಳು ಹೇಳಬಾರದು ಎಂದು ನಿರ್ಧರಿಸಿಯೇ ಹೋಗಿದ್ದೆ. ‘ಅವ್ವಾ, ನಾಳೆ ಮಧ್ಯಾಹ್ನ ಊಟಕ್ಕ ಅವರ ಮನಿಗೆ ಹೊಂಟೀನಿ’ ಎಂದೆ. ಅವ್ವ ಒರಳು ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. ‘ಅವರು ಏನು ಉಣ್ತಾರ ಗೊತ್ತೈತಿಲ್ಲ?’ ‘ಗೊತ್ತೈತಿ.’ ‘ಬೆಂಗಳೂರಾಗ ತಿಂದ್ಯೋ?’ ‘ತಿಂದೀನಿ.’ ಅವ್ವ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮರುದಿನ ಹೊರಡುವಾಗ ಸ್ಟೀಲ್‌ ಡಬ್ಬಿಯಲ್ಲಿ ಶಾವಿಗೆ ತುಂಬಿ ಕೈಗಿಟ್ಟಳು. ಅದೇ ಬೇಸಿಗೆಯಲ್ಲಿ ಓಣಿಯ ಹೆಂಗಸರ ಜೊತೆ ಕೂತು ಹೊಸೆದು, ಹಗ್ಗದ ಮೇಲೆ ಒಣಗಿಸಿದ ಗೋಧಿ ಶಾವಿಗೆ. ‘ಒಬ್ಬರ ಮನಿಗೆ ಒಣ ಕೈಲೆ ಹೋಗಬಾರದು. ಡಬ್ಬಿ ಹೊಳ್ಳಿ ತರಬ್ಯಾಡ. ಬಂದ ಮ್ಯಾಲೆ ಹಿತ್ತಲದಾಗ ಜಳಕ ಮಾಡಿ ಒಳಗ ಬಾ’ ಎಂದಳು. ಮೊದಲ ಮಾತಿಗೆ ಖುಷಿಪಡಲೋ, ಉಳಿದೆರಡಕ್ಕೆ ಬೇಸರಪಡಲೋ ತಿಳಿಯದೆ ಹೊರಟೆ.

ಅವನ ಮನೆ ಈಗ ಸಿಮೆಂಟಿನದು. ಹಂದಿಗಳು ಮೊದಲಿನ ಹಾಗೆ ಊರ ತುಂಬ ತಿರುಗುವುದಿಲ್ಲ, ಹಿಂದೆ ಶೆಡ್‌ ಹಾಕಿ ಕೂಡಿಹಾಕಿದ್ದಾನೆ. ಹನ್ನೆರಡು ಇವೆ. ಗೋವಿನಜೋಳದ ನುಚ್ಚು, ಹೋಟೆಲಿನಲ್ಲಿ ಉಳಿದದ್ದನ್ನು ಕುದಿಸಿ ಹಾಕುತ್ತಾನೆ. ‘ಹೊರಗ ಬಿಟ್ರ ಕಂಡದ್ದು ತಿಂತಾವು, ರೋಗ ಬರ್ತೈತಿ, ಊರಾಗ ಜಗಳಾನೂ ಬರ್ತೈತಿ’ ಎಂದ. ವ್ಯಾಪಾರಿಗಳು ಮನೆ ಬಾಗಿಲಿಗೇ ಬಂದು ಒಯ್ಯುತ್ತಾರಂತೆ. ಬೆಂಗಳೂರಿನಲ್ಲಿ ನಾನು ಬಟ್ಟಲಿಗೆ 450 ಕೊಟ್ಟ ಕತೆ ಕೇಳಿ ಶೆಡ್ಡಿನ ಕಡೆ ನೋಡಿ, ‘ಕೇಳಿದ್ರೇನ್ರಲೇ ನಿಮ್ಮ ರೇಟು?’ ಎಂದು ಹಂದಿಗಳಿಗೇ ಹೇಳಿದ.

ಕಾಳು ಬಿಡಿಸಿದ ಗೋವಿನಜೋಳದ ಬೆಂಡು, ನಾಲ್ಕು ಜಾಲಿ ಕಟ್ಟಿಗೆ ಒಟ್ಟಿ ಅವನು ಕೆಂಡ ಮಾಡಿದ. ನಾನು ಮಾಂಸಕ್ಕೆ ನಿಂಬೆಹುಲ್ಲು, ಬೆಳ್ಳುಳ್ಳಿ, ಬೆಲ್ಲ ಹಚ್ಚಿದೆ. ಮೀನಿನ ಸಾಸಿನ ವಾಸನೆಗೆ ಅವನೇ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ‘ಓಡಬ್ಯಾಡ ನಿಂದ್ರು’ ಎಂದುಬಿಟ್ಟೆ. ಅಂದ ಮೇಲೆ ಇಬ್ಬರಿಗೂ ಮಾತು ನಿಂತಿತು.

ಹೇಳಬೇಕಾದದ್ದನ್ನು ಆಗಲೇ ಹೇಳಿದೆ. ಅಂದು ಶಾಲೆಯಲ್ಲಿ ಆ ಸುದ್ದಿ ಹಬ್ಬಿಸಿದವನು ನಾನೇ, ತಪ್ಪಾಯಿತು ಎಂದೆ. ಅವನು ಕೆಂಡ ಕೆದಕುತ್ತಲೇ, ‘ನೀನ ಅಂತ ಗೊತ್ತಿತ್ತು. ಸಿಟ್ಟಿರಲಿಲ್ಲ ಅಂದ್ರ ಸುಳ್ಳಾಕ್ಕೈತಿ. ಬಾಳ ದಿನ ಇತ್ತು’ ಎಂದ. ‘ಈಗ?’ ಎಂದೆ. ‘ಈಗ ಮಾಂಸ ತಿರುವು, ಹೊತ್ತತೈತಿ’ ಎಂದ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಗೋಧಿ ಶಾವಿಗೆ ಅಕ್ಕಿ ಶಾವಿಗೆಯಷ್ಟು ನವಿರಲ್ಲ, ಆದರೆ ರಸವನ್ನು ಚೆನ್ನಾಗಿ ಹೀರುತ್ತದೆ. ಅವನ ಅವ್ವ ಗಂಗಾಳದಲ್ಲಿ ಬಡಿಸಿಕೊಂಡು ಒಂದು ತುತ್ತು ತಿಂದು, ‘ಬೆಲ್ಲ ಯಾಕ ಹಾಕೀರಿ ತಮ್ಮಾ? ಮಾಂಸಕ್ಕ ಬೆಲ್ಲ ಹಾಕೋದು ಎಲ್ಲೂ ಕಂಡಿಲ್ಲ’ ಎಂದಳು. ಆಮೇಲೆ ಒಳಗೆ ಹೋಗಿ ಬ್ಯಾಡಗಿ ಮೆಣಸಿನಕಾಯಿ ಖಾರ ತಂದು ಮೂರೂ ಜನರ ಗಂಗಾಳಕ್ಕೆ ಉದುರಿಸಿದಳು. ‘ಚಿಗವ್ವಾ, ಇನ್ನೊಂದೀಟು ಹಾಕು’ ಎಂದೆ. ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಖಾರ ಬಿದ್ದ ಮೇಲೆ ಅದು ವಿಯೆಟ್ನಾಂ ಅಡುಗೆಯಾಗಿ ಉಳಿಯಲಿಲ್ಲ. ಹದಿಮೂರು ವರ್ಷದ ಹಿಂದೆ ಎಲೆಯ ಮೇಲೆ ಬಿಟ್ಟು ಓಡಿದ ಆ ತುಂಡಿನ ರುಚಿ ಸುಮಾರು ಹೀಗೇ ಇದ್ದಿರಬೇಕು.

ಹೊರಡುವಾಗ ಚಿಗವ್ವ ಅವ್ವನ ಡಬ್ಬಿಯನ್ನು ತೊಳೆದು, ಶೇಂಗಾ ತುಂಬಿ ಕೊಟ್ಟಳು. ಖಾಲಿ ಡಬ್ಬಿ ಕಳಿಸಬಾರದಂತೆ. ‘ತರಬ್ಯಾಡ’ ಎಂದ ಡಬ್ಬಿಯನ್ನು ಹಿಡಿದು ಮನೆಗೆ ಬಂದೆ. ಹಿತ್ತಲಲ್ಲಿ ಜಳಕವನ್ನೂ ಮಾಡಿದೆ. ಅವ್ವ ಡಬ್ಬಿಯನ್ನು ಮುಟ್ಟಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಎರಡು ದಿನ ಅದು ಹಾಗೇ ಕೂತಿತ್ತು. ನಾನೂ ಏನೂ ಅನ್ನಲಿಲ್ಲ.

ಮೂರನೇ ದಿನ ಬೆಂಗಳೂರಿಗೆ ಹೊರಟೆ. ರೊಟ್ಟಿ ಗಂಟಿನ ಜೊತೆ ಅವ್ವ ಶೇಂಗಾ ಹಿಂಡಿಯ ಪೊಟ್ಟಣ ಇಟ್ಟಳು. ಕಟ್ಟೆಯ ಕಡೆ ನೋಡಿದರೆ ಡಬ್ಬಿ ಇರಲಿಲ್ಲ. ‘ಅವ್ವಾ, ಇದು ಯಾವ ಶೇಂಗಾದ್ದು?’ ಎಂದೆ.

‘ಶೇಂಗಾ ಅಂದ್ರ ಶೇಂಗಾ. ಅದರಾಗೇನು ಯಾವುದು? ಬಸ್ಸಿಗೆ ಹೊತ್ತಾತು, ನಡಿ’ ಎಂದಳು.

ಆ ಹಿಂಡಿ ಬೆಂಗಳೂರಿನಲ್ಲಿ ವಾರದೊಳಗೆ ಮುಗಿಯಿತು. ಕೊನೆಯ ಎರಡು ಚಮಚವನ್ನು ಬುನ್‌ ಥಿತ್‌ ನುಆಂಗ್‌ ಮೇಲೆ ಉದುರಿಸಿಕೊಂಡು ತಿಂದೆವು. ಈ ಸಲವೂ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದೆ. ಕೆಳಗೆ ಬರೆದದ್ದು ಮಾತ್ರ ಎರಡೇ ಪದ: ‘ಹಂದಿ, ಶಾವಿಗೆ.’