ನೆರೆಯ ಹಗೆ, ದೂರದ ಗೆಳೆತನ: ರಾಯದುರ್ಗ ಕಳೆದುಕೊಂಡ ಆಟ

1748ರಲ್ಲಿ ಮಾಯಕೊಂಡದ ಬಯಲಿನಲ್ಲಿ ಚಿತ್ರದುರ್ಗದ ಮದಕರಿ ನಾಯಕ ಆನೆಯ ಮೇಲೆಯೇ ಪ್ರಾಣ ಬಿಟ್ಟ. ಹರಪನಹಳ್ಳಿಯ ಸೋಮಶೇಖರ ನಾಯಕನ ಕೈಯಲ್ಲಿ ಅವನ ಸಾವಾಯಿತು. ಎದುರು ಪಾಳೆಯದಲ್ಲಿ ಹರಪನಹಳ್ಳಿಯ ಜೊತೆ ಬಿದನೂರು, ಸವಣೂರು, ರಾಯದುರ್ಗಗಳೂ ಇದ್ದವು. ದುರ್ಗದ ಪರವಾಗಿ ನಿಂತಿದ್ದ ಚಂದಾ ಸಾಹೇಬ ಅದೇ ಕಾಳಗದಲ್ಲಿ ಮಗನನ್ನು ಕಳೆದುಕೊಂಡ. ಮುಂದೆ ಫ್ರೆಂಚರ ಆಸರೆಯಲ್ಲಿ ಅರ್ಕಾಟಿನ ನವಾಬಗಿರಿಗೆ ಕೈಚಾಚಿದವನು ಇವನೇ. ಪಾಳೆಯಗಾರರ ಗಡಿಜಗಳದೊಳಗೆ ದೊಡ್ಡವರ ರಾಜಕಾರಣ ಆಗಲೇ ಕಾಲಿಟ್ಟಿತ್ತು.

ಈ ಕಥೆಯಲ್ಲಿ ರಾಯದುರ್ಗದ ಕಡೆಯಿಂದ ನೋಡಿದವರು ಕಡಿಮೆ. ಚಿತ್ರದುರ್ಗಕ್ಕೆ ತ.ರಾ.ಸು. ಇದ್ದರು, ‘ದುರ್ಗಾಸ್ತಮಾನ’ ಇತ್ತು. ಓಬವ್ವನ ಒನಕೆ ಮನೆಮಾತಾಯಿತು. ಮೊಳಕಾಲ್ಮುರು ದಾಟಿದರೆ ಸಿಗುವ ರಾಯದುರ್ಗದ ನಾಯಕರು ಮಾತ್ರ ನಮ್ಮ ನೆನಪಿನಲ್ಲಿ ಬರೀ ಹಗೆಗಳಾಗಿ ಉಳಿದರು. ಇದು ನ್ಯಾಯವಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅವರೂ ಬದುಕುಳಿಯಲು ನೋಡಿದ ಸಣ್ಣ ರಾಜ್ಯದವರೇ.

ಬೆಟ್ಟ ಮೊದಲು ಬೇಡ ನಾಯಕರ ಕೈಯಲ್ಲಿತ್ತು. ವಿಜಯನಗರದ ದಂಡನಾಯಕರ ಮನೆತನವೊಂದು ಪೆನುಕೊಂಡೆಯಿಂದ ಕುಂದುರ್ಪಿಗೆ ಸರಿದು, ಬೇಡರನ್ನು ಹೊರದೂಡಿ ರಾಯದುರ್ಗದಲ್ಲಿ ನೆಲೆನಿಂತಿತು. ಉತ್ತರಕ್ಕೆ ಬಳ್ಳಾರಿ, ಅದರಾಚೆ ನಿಜಾಮನ ಮನೆಯ ಬಸಾಲತ್ ಜಂಗನ ಆದವಾನಿ. ಪೂರ್ವಕ್ಕೆ ಗುತ್ತಿಯ ಮರಾಠ ಸರದಾರ ಮುರಾರಿರಾವ್ ಘೋರ್ಪಡೆ. ನೈಋತ್ಯಕ್ಕೆ ಚಿತ್ರದುರ್ಗ. ಹೀಗೆ ಸುತ್ತುವರಿದವನು ಯಾರ ಜೊತೆ ಸೇರಬೇಕು?

ದಕ್ಷಿಣದ ಮಡಕಶಿರಾ ಸೀಮೆಗೆ ಈ ಪ್ರಶ್ನೆ ಇನ್ನೂ ಮೊದಲೇ ಎದುರಾಗಿತ್ತು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೇನೆ ಶಿರಾವನ್ನು ಹಿಡಿದಾಗ ಅಲ್ಲಿನ ನಾಯಕ ಮನೆತನ ಇಂದಿನ ರೊಳ್ಳ ಮಂಡಲದ ರತ್ನಗಿರಿಗೆ ಸರಿಯಿತು. ಮುಂದೆ ಮೊಘಲರು ಶಿರಾವನ್ನೇ ಸುಬಾ ಮಾಡಿದರು. 1761ರಲ್ಲಿ ಹೈದರಾಲಿ ಬಸಾಲತ್ ಜಂಗನಿಗೆ ಮೂರು ಲಕ್ಷ ನಜರಾನೆ ಒಪ್ಪಿಸಿ ಶಿರಾದ ನವಾಬಗಿರಿ ಪಡೆದ. ಆಮೇಲೆ ಮುರಾರಿರಾಯನ ಹಿಡಿತದಲ್ಲಿದ್ದ ಪೆನುಕೊಂಡ, ಮಡಕಶಿರಾಗಳ ಮೇಲೂ ಕೈ ಹಾಕಿದ. 1767ರಲ್ಲಿ ಪೇಶ್ವೆ ಮಾಧವರಾಯ ಬಂದಾಗ ಶಿರಾದಲ್ಲಿದ್ದ ಹೈದರನ ಸ್ವಂತ ಬಾವಮೈದುನ ಮೀರ್ ಅಲಿ ರಜಾ ಖಾನನೇ ಕೋಟೆ ಒಪ್ಪಿಸಿ ಮರಾಠರ ಕಡೆ ಸೇರಿದ. ಸೋದರನಂಟರೇ ಪಕ್ಷ ಬದಲಿಸುತ್ತಿದ್ದ ಕಾಲದಲ್ಲಿ ಪಾಳೆಯಗಾರರನ್ನಷ್ಟೇ ದ್ರೋಹಿಗಳೆಂದು ಕರೆಯುವುದು ಹೇಗೆ?

ರಾಯದುರ್ಗ ಮೈಸೂರನ್ನು ಆರಿಸಿಕೊಂಡಿತು. ಲೆಕ್ಕ ಸುಲಭವಾಗಿತ್ತು: ಚಿತ್ರದುರ್ಗ ಮಗ್ಗುಲಲ್ಲಿದೆ, ಶ್ರೀರಂಗಪಟ್ಟಣ ಇನ್ನೂರು ಕಿಲೋಮೀಟರಿಗೂ ಆಚೆ. ದೂರದ ಬಲಶಾಲಿಯ ಗೆಳೆತನದಿಂದ ನೆರೆಯ ಹಗೆಯನ್ನು ಅಂಕೆಯಲ್ಲಿಡಬಹುದು. ಹೈದರನಿಗೂ ದುರ್ಗದ ಬೆನ್ನ ಹಿಂದೆ ಒಬ್ಬ ಬೇಕಾಗಿತ್ತು.

ಹೈದರನನ್ನು ನಂಬಿ ಕರೆದರೆ ಏನಾಗುತ್ತದೆ ಎಂಬುದನ್ನು ಸುಮಾರು 50 ಕಿಲೋಮೀಟರ್ ದೂರದ ಬಳ್ಳಾರಿ 1775ರಲ್ಲೇ ತೋರಿಸಿಕೊಟ್ಟಿತ್ತು. ಅಲ್ಲಿನ ಪಾಳೆಯಗಾರ ಬಸಾಲತ್ ಜಂಗನಿಗೆ ಕಪ್ಪ ನಿಲ್ಲಿಸಿದ. ಮುತ್ತಿಗೆ ಬಿದ್ದಾಗ ಹೈದರನಿಗೆ ಹೇಳಿಕಳಿಸಿದ. ಹೈದರ್ ಹಗಲಿರುಳು ನಡೆದು ಬಂದು, ಫ್ರೆಂಚ್ ಸೇನಾನಿ ಲಾಲಿಯಿದ್ದ ಆದವಾನಿ ಪಡೆಯನ್ನು ಚದುರಿಸಿ, ನೆರವು ಕೇಳಿದವನ ಕೋಟೆಯನ್ನೂ ತಾನೇ ಇಟ್ಟುಕೊಂಡ. ಮರುವರ್ಷ ಗುತ್ತಿ ಬಿತ್ತು. ಮುರಾರಿರಾಯ ಕಬ್ಬಾಳದುರ್ಗದ ಸೆರೆಯಲ್ಲಿ ಸತ್ತ. ಮರಾಠರತ್ತ ವಾಲಿದನೆಂಬ ಕಾರಣಕ್ಕೆ ಹೈದರ್ ಕೊನೆಯ ಮದಕರಿ ನಾಯಕನ ಮೇಲೆ ತಿರುಗಿದ, 1779ರಲ್ಲಿ ಚಿತ್ರದುರ್ಗವೂ ಮುಗಿಯಿತು.

ರಾಯದುರ್ಗದ ಕೋಟೆಯಲ್ಲಿ ಅಂದು ಸಮಾಧಾನದ ಉಸಿರು ಬಿಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಗೆಳೆತನಕ್ಕೆ ಬೆಲೆ ತಂದುಕೊಟ್ಟಿದ್ದೇ ಚಿತ್ರದುರ್ಗ. ಅದು ಇರುವ ತನಕ ಮೈಸೂರಿಗೆ ರಾಯದುರ್ಗ ಬೇಕಿತ್ತು. ಅದು ಹೋದ ಮೇಲೆ ದೂರದ ಗೆಳೆಯನೇ ನೆರೆಯವನಾದ. ಬಳ್ಳಾರಿ, ಗುತ್ತಿ, ಚಿತ್ರದುರ್ಗ ಮೂರೂ ಮೈಸೂರಿನವು, ನಡುವೆ ರಾಯದುರ್ಗ ಒಂಟಿ.

1786ರಲ್ಲಿ ಟಿಪ್ಪು ಸುಲ್ತಾನ್ ಆದವಾನಿಗೆ ಮುತ್ತಿಗೆ ಹಾಕಿದಾಗ ರಾಯದುರ್ಗದ ವೆಂಕಟಪತಿ ನಾಯಕನೂ ಹರಪನಹಳ್ಳಿಯ ನಾಯಕನೂ ತಮ್ಮ ಪಡೆಗಳೊಂದಿಗೆ ಅವನ ಜೊತೆಗಿದ್ದರು. ಆ ದಂಡಯಾತ್ರೆಯ ಕೊನೆಗೆ ಟಿಪ್ಪು ಇಬ್ಬರನ್ನೂ ಸೆರೆಹಿಡಿದು ಬೆಂಗಳೂರಿಗೆ ಕಳಿಸಿದ, ಪಾಳೆಯಗಳನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡ. ಮರಾಠರೂ ನಿಜಾಮನೂ ಒಟ್ಟಾಗಿ ಮೇಲೆ ಬಿದ್ದಿದ್ದ ಹೊತ್ತಿನಲ್ಲಿ ಗಡಿಯ ಕೋಟೆಗಳು ನೇರ ತನ್ನ ಅಮಲ್ದಾರರ ಕೈಯಲ್ಲಿರಲಿ ಎಂದು ಅವನು ಬಯಸಿದ್ದನ್ನು ಅರ್ಥಮಾಡಿಕೊಳ್ಳಬಹುದು. ಹಾಗೆಂದು ತನ್ನ ಪರವಾಗಿ ಹೋರಾಡಿದವರನ್ನೇ ಹಿಡಿದದ್ದನ್ನು ವಿಶ್ವಾಸಘಾತ ಎನ್ನದೆ ಬೇರೇನೂ ಅನ್ನಲಾಗದು.

ಫಿನ್ಲೆಂಡ್ 1940ರಲ್ಲಿ ಸೋವಿಯತ್ ರಷ್ಯಾಕ್ಕೆ ಕರೇಲಿಯಾ ಕಳೆದುಕೊಂಡು, ಅದನ್ನು ಮರಳಿ ಪಡೆಯಲು 1941ರಲ್ಲಿ ಹಿಟ್ಲರನ ಜರ್ಮನಿಯ ಜೊತೆ ನಿಂತಿತು. ಅದು ಸರಿಯೋ ತಪ್ಪೋ ಎಂದು ಅಲ್ಲಿನ ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ರಾಯದುರ್ಗಕ್ಕೂ ಅಂಥ ವಾದ ಸಲ್ಲಬೇಕು. ನನ್ನ ಮಟ್ಟಿಗೆ, ಮೈಸೂರನ್ನು ಸೇರಿದ್ದು ಅವರ ತಪ್ಪಲ್ಲ. ಚಿತ್ರದುರ್ಗ, ರಾಯದುರ್ಗ, ಹರಪನಹಳ್ಳಿಗಳು ಮಾಯಕೊಂಡದ ಹಗೆಯನ್ನು ಮೂವತ್ತು ವರ್ಷ ಕಾಪಾಡಿಕೊಂಡು ಬಂದದ್ದು ತಪ್ಪು. ಈ ಮೂರೂ ಒಂದಾಗಿ ನಿಂತ ದಿನ ಬರಲೇ ಇಲ್ಲ.

ಟಿಪ್ಪು 1799ರಲ್ಲಿ ಬಿದ್ದ ಮೇಲೆ ರಾಯದುರ್ಗ ನಿಜಾಮನ ಪಾಲಾಯಿತು. ಮರುವರ್ಷ ಅಕ್ಟೋಬರಿನ ಒಪ್ಪಂದದಲ್ಲಿ ನಿಜಾಮ ತನ್ನ ರಕ್ಷಣೆಗಿದ್ದ ಪಡೆಯ ಖರ್ಚಿಗೆಂದು ಈ ಸೀಮೆಯನ್ನೇ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಪಾಳೆಯಗಾರರ ಆಯುಧ ಇಳಿಸಿದ, ರಾಯದುರ್ಗದ ಮನೆತನಕ್ಕೆ ಪಾಳೆಯ ಮರಳಲಿಲ್ಲ. ಪಾವಗಡ ಮೈಸೂರಿನಲ್ಲಿ ಉಳಿಯಿತು, ಅದರ ಎರಡು ಮಗ್ಗುಲಿನ ರಾಯದುರ್ಗ, ಮಡಕಶಿರಾ ಮದ್ರಾಸಿಗೆ ಹೋದವು. ತುಮಕೂರು ಜಿಲ್ಲೆಯ ಪಾವಗಡ ಇಂದಿಗೂ ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದಿರುವುದರ ಹಿಂದೆ ಆ ಹಂಚಿಕೆಯಿದೆ. ಮಡಕಶಿರಾ ಈಗ, 2022ರಿಂದ, ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ರೊಳ್ಳ, ಅಗಳಿ, ಅಮರಾಪುರಂ ಊರುಗಳಲ್ಲಿ ಕನ್ನಡವೇ ಮನೆಮಾತು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ತಾಲ್ಲೂಕುವಾರು ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಬಳ್ಳಾರಿ ತಾಲ್ಲೂಕಿನ ಜಗಳ ಮಿಶ್ರಾ ಆಯೋಗದವರೆಗೆ ಹೋಗಿ ಮೈಸೂರಿನ ಪರವಾಗಿ ಮುಗಿಯಿತು. ಟಿಪ್ಪುವಿನ ಪಾಳೆಯದಲ್ಲಿ ರಾಯದುರ್ಗದ ಜೊತೆಗೇ ಸೆರೆಯಾದ ಹರಪನಹಳ್ಳಿ ಮೈಸೂರು ರಾಜ್ಯಕ್ಕೆ ಬಂತು.