ಪಾಡ್‌ಕಾಸ್ಟ್ | ಕೆಟ್ಟೂ ಓಡುವ ಯಂತ್ರ: ಫ್ಲೋ ಸೈಟೊಮೀಟರ್ ಕಾಯುವವರ ಕೆಲಸ ಏನು?

(ಈ ಸಂಚಿಕೆಯ ಮಾತಿನ ಬರಹರೂಪ ಇಲ್ಲಿದೆ)

ಹೊಸ ಔಷಧ, ಹೊಸ ಲಸಿಕೆ, ಹೊಸ ಸಂಶೋಧನೆ ಅಂತ ದಿನಾ ಸುದ್ದಿ ಕೇಳ್ತೀವಿ. ಆ ಸುದ್ದಿಯ ಹಿಂದೆ ಬಹಳ ಸಲ ಒಂದು ಯಂತ್ರ ಇರುತ್ತೆ. ಆ ಯಂತ್ರದ ಹಿಂದೆ ಅದನ್ನು ತೊಳೆದು, ಪರೀಕ್ಷಿಸಿ, ಸುಸ್ಥಿತಿಯಲ್ಲಿ ಇಡುವ ಯಾರೋ ಒಬ್ಬರು ಇರುತ್ತಾರೆ. ಹಲವು ವರ್ಷಗಳಿಂದ ನಾನು ಮಾಡಿಕೊಂಡು ಬಂದಿರುವುದು ಅದೇ ಕೆಲಸ. ಹತ್ತಾರು ಪ್ರಯೋಗಾಲಯಗಳು ಹಂಚಿಕೊಂಡು ಬಳಸುವ ಫ್ಲೋ ಸೈಟೊಮೀಟರ್ ಎಂಬ ಯಂತ್ರವನ್ನು ನೋಡಿಕೊಳ್ಳುವ ಕೆಲಸ. ಇವತ್ತು ಅದರ ಬಗ್ಗೆ ಮಾತಾಡೋಣ.

ಮೊದಲು, ಇದು ಏನು ಮಾಡುತ್ತೆ? ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಬೇರೆ ಮಾಡೋದನ್ನು ನೋಡಿರುತ್ತೀರಿ. ಈ ಯಂತ್ರ ಜೀವಕೋಶಗಳ ರಾಶಿಯಲ್ಲಿ ಅದೇ ಕೆಲಸ ಮಾಡುತ್ತದೆ. ಅದೂ ಒಂದು ಸೆಕೆಂಡಿಗೆ ಸಾವಿರಾರು ಕೋಶಗಳ ವೇಗದಲ್ಲಿ. ಕೋಶಗಳಿರುವ ದ್ರವವನ್ನು ಉಪ್ಪುನೀರಿನ ಇನ್ನೊಂದು ಧಾರೆ ಸುತ್ತುವರಿದು ಹರಿಯುತ್ತದೆ. ಇದಕ್ಕೆ ಶೀತ್ ದ್ರವ ಅಂತಾರೆ. ಅದರ ಒತ್ತಡಕ್ಕೆ ಒಳಗಿನ ಧಾರೆ ಕೂದಲೆಳೆಗಿಂತ ಸಣ್ಣಗಾಗಿ, ಕೋಶಗಳು ಒಂದರ ಹಿಂದೆ ಒಂದು ಸಾಲಾಗಿ ಸಾಗುತ್ತವೆ. ದಾರಿಯಲ್ಲಿ ಲೇಸರ್ ಬೆಳಕು. ಕೋಶಕ್ಕೆ ಬಡಿದು ಚದುರುವ ಬೆಳಕಿನಿಂದ ಅದರ ಗಾತ್ರ, ಒಳಗಿನ ಒರಟುತನ ಅಂದಾಜಾಗುತ್ತೆ. ಮೊದಲೇ ಅಂಟಿಸಿದ ಹೊಳೆಯುವ ಬಣ್ಣಗಳಿಂದ ಅದು ಯಾವ ಬಗೆಯ ಕೋಶ ಅಂತ ತಿಳಿಯುತ್ತೆ.

ಇತಿಹಾಸ ಚುಟುಕಾಗಿ ಹೇಳ್ತೀನಿ. ರಕ್ತಕೋಶಗಳನ್ನು ಯಂತ್ರದಲ್ಲಿ ಎಣಿಸುವ ವಿಧಾನಕ್ಕೆ ವಾಲೇಸ್ ಕೋಲ್ಟರ್ ಅವರಿಗೆ 1953ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. 1965ರಲ್ಲಿ ಲಾಸ್ ಅಲಾಮೋಸ್‌ನ ಮ್ಯಾಕ್ ಫುಲ್ವೈಲರ್, ಕೋಶಗಳಿರುವ ಹನಿಗಳಿಗೆ ವಿದ್ಯುದಾವೇಶ ಕೊಟ್ಟು ಬೇರ್ಪಡಿಸುವ ಯಂತ್ರ ಮಾಡಿದರು. ಹೊಳೆಯುವ ಬಣ್ಣಗಳನ್ನು ಬಳಸಿ ಬೇರ್ಪಡಿಸುವುದನ್ನು ಬೆಳೆಸಿದ್ದು ಸ್ಟ್ಯಾನ್‌ಫರ್ಡ್‌ನ ಲಿಯೊನಾರ್ಡ್ ಹರ್ಜನ್‌ಬರ್ಗ್ ಅವರ ತಂಡ. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಮೊನೊಕ್ಲೋನಲ್ ಪ್ರತಿಕಾಯ ತಯಾರಿಸುವ ದಾರಿ ತೋರಿಸಿದ ಮೇಲೆ, ಬೇಕಾದ ಕೋಶಕ್ಕೆ ಬೇಕಾದ ಬಣ್ಣ ಅಂಟಿಸೋದು ಸುಲಭವಾಯಿತು.

ಇನ್ನು ಮುಖ್ಯ ವಿಷಯ. ಯಂತ್ರ ಕೆಟ್ಟು ನಿಂತರೆ ಎಲ್ಲರಿಗೂ ಗೊತ್ತಾಗುತ್ತೆ. ಬೋರ್ಡ್ ಹಾಕ್ತೀವಿ, ಎಂಜಿನಿಯರ್‌ಗೆ ಫೋನ್ ಮಾಡ್ತೀವಿ. ನನಗೆ ಅದರ ಭಯ ಇಲ್ಲ. ಭಯ ಇರೋದು ಕೆಟ್ಟೂ ಓಡುವ ಯಂತ್ರದ್ದು. ಪರದೆ ಮೇಲೆ ಚುಕ್ಕೆಗಳು ಬರುತ್ತಿರುತ್ತವೆ, ಸಂಖ್ಯೆಗಳು ಬರುತ್ತಿರುತ್ತವೆ, ಎಲ್ಲ ಸರಿ ಇದ್ದ ಹಾಗೇ ಕಾಣುತ್ತೆ. ಆದರೆ ಸಂಖ್ಯೆ ತಪ್ಪು.

ಒಂದು ಉದಾಹರಣೆ ಬಿಡಿಸಿ ಹೇಳ್ತೀನಿ. ಯಂತ್ರದಲ್ಲಿ ಎರಡು ಲೇಸರ್ ಇವೆ ಅಂತಿಟ್ಟುಕೊಳ್ಳಿ, ಒಂದು ನೀಲಿ, ಒಂದು ಕೆಂಪು. ಹಲವು ಯಂತ್ರಗಳಲ್ಲಿ ಇವೆರಡೂ ಧಾರೆಯ ಒಂದೇ ಜಾಗಕ್ಕೆ ಬೀಳೋದಿಲ್ಲ. ಕೋಶ ಮೊದಲು ನೀಲಿ ಬೆಳಕನ್ನು ದಾಟಿ, ಕೆಲವು ಮೈಕ್ರೋಸೆಕೆಂಡ್ ಬಿಟ್ಟು ಕೆಂಪನ್ನು ದಾಟುತ್ತದೆ. ಈ ಅಂತರಕ್ಕೆ ಲೇಸರ್ ಡಿಲೇ ಅಂತ ಹೆಸರು. ಅಷ್ಟು ಹೊತ್ತು ಕಾದು ಕೆಂಪಿನ ಬೆಳಕನ್ನು ಅಳೆಯಬೇಕು ಅಂತ ಯಂತ್ರಕ್ಕೆ ಮೊದಲೇ ಹೇಳಿಟ್ಟಿರುತ್ತೀವಿ. ಈಗ ಶೀತ್ ದ್ರವದ ಫಿಲ್ಟರ್‌ನಲ್ಲಿ ಗಾಳಿ ಸೇರಿಕೊಂಡು ಧಾರೆಯ ವೇಗ ಬದಲಾಯಿತು ಅನ್ನಿ. ಕೋಶ ಕೆಂಪು ಬೆಳಕಿಗೆ ಬರುವ ಹೊತ್ತೂ ಬದಲಾಗುತ್ತೆ. ಯಂತ್ರ ಮಾತ್ರ ಹಳೆಯ ಹೊತ್ತಿಗೇ ನೋಡುತ್ತೆ. ಆಗ ನೀಲಿ ಲೇಸರ್‌ನ ಬಣ್ಣಗಳೆಲ್ಲ ಸರಿ, ಕೆಂಪು ಲೇಸರ್‌ನ ಬಣ್ಣ ಮಾತ್ರ ಮಂಕು.

ಆ ಕೆಂಪು ಲೇಸರ್‌ನ ಬಣ್ಣ, ಔಷಧ ಕೊಟ್ಟ ಮೇಲೆ ಕಡಿಮೆಯಾಗಬೇಕಾದ ಪ್ರೋಟೀನಿನ ಗುರುತಾಗಿದ್ದರೆ? ‘ಮೇಡಂ, ಔಷಧ ಕೆಲಸ ಮಾಡಿದೆ’ ಅಂತ ಪಿಎಚ್‌.ಡಿ. ವಿದ್ಯಾರ್ಥಿ ಮಾರ್ಗದರ್ಶಕರ ಹತ್ತಿರ ಓಡುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಗಾಳಿಗುಳ್ಳೆಯೊಂದು ಸಂಶೋಧನೆಯ ವೇಷ ಹಾಕಿಕೊಂಡಿದೆ, ಅಷ್ಟೇ.

ಇದನ್ನು ತಡೆಯೋದು ಹೇಗೆ? ಅಂಗಡಿಯ ತಕ್ಕಡಿಗೆ ತೂಕದ ಕಲ್ಲು ಇರೋ ಹಾಗೆ, ನಮಗೆ ಬೀಡ್‌ಗಳಿವೆ. ಎಷ್ಟು ಹೊಳೆಯಬೇಕು ಅಂತ ಮೊದಲೇ ಗೊತ್ತಿರುವ, ಕೆಲವೇ ಮೈಕ್ರಾನ್ ಗಾತ್ರದ ಪ್ಲಾಸ್ಟಿಕ್ ಗುಂಡುಗಳು. ದಿನಾ ಬೆಳಿಗ್ಗೆ ಬಳಕೆದಾರರು ಬರುವ ಮುಂಚೆ ಅವನ್ನು ಓಡಿಸಿ, ಬಂದ ಸಂಖ್ಯೆಯನ್ನು ಚಾರ್ಟ್‌ನಲ್ಲಿ ಗುರುತು ಹಾಕಬೇಕು. ಒಂದು ದಿನದ ಚುಕ್ಕೆ ಹೆಚ್ಚೇನೂ ಹೇಳೋದಿಲ್ಲ. ಮೂವತ್ತು ದಿನದ ಸಾಲು ಬಹಳ ಹೇಳುತ್ತೆ. ಹೊಳಪು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಯುತ್ತಾ ಬಂದರೆ ಲೇಸರ್ ಸೋಲುತ್ತಿರಬಹುದು. ಹೊಳಪು ಸರಿಯಿದ್ದು ಶಿಖರ ಅಗಲವಾದರೆ ಧಾರೆ ನಡುಗುತ್ತಿದೆ, ಅಂದ್ರೆ ಗುಳ್ಳೆ ಇದೆ, ಅರ್ಧ ಕಟ್ಟಿಕೊಂಡಿದೆ, ಇಲ್ಲವೇ ಬೆಳಕು ಸರಿಯಾದ ಜಾಗಕ್ಕೆ ಬೀಳುತ್ತಿಲ್ಲ. ಎಲ್ಲ ಲೇಸರ್ ಬಿಟ್ಟು ಒಂದರಲ್ಲಿ ಮಾತ್ರ ತೊಂದರೆಯಾದರೆ ಆ ಲೇಸರನ್ನೂ ಅದರ ಡಿಲೇಯನ್ನೂ ನೋಡಬೇಕು.

ಕಣ್ಣಿಗೂ ಕೆಲಸ ಇದೆ. ಪೈಪಿನ ಕೀಲುಗಳಲ್ಲಿ ಬಿಳಿ ಪುಡಿ ಕಂಡರೆ ಒರೆಸಿ ಸುಮ್ಮನಾಗಬಾರದು. ಉಪ್ಪುನೀರು ಸೋರಿ ಒಣಗಿದ ಗುರುತು ಅದು. ಇವತ್ತು ಪುಡಿ, ನಾಳೆ ಸರ್ಕ್ಯೂಟ್ ಬೋರ್ಡ್ ಮೇಲೆ ನೀರು. ಶೀತ್ ಡಬ್ಬ ಖಾಲಿಯಾಗಿದೆಯಾ, ವೇಸ್ಟ್ ಡಬ್ಬ ತುಂಬಿದೆಯಾ, ಏಸಿ ಸರಿಯಾಗಿ ತಂಪು ಕೊಡ್ತಿದೆಯಾ, ರಾತ್ರಿ ಕರೆಂಟ್ ಹೋದಾಗ ಯುಪಿಎಸ್ ತಡೆದುಕೊಂಡಿತಾ? ಇದೆಲ್ಲ ನೋಡೋಕೆ ಎಂಜಿನಿಯರ್ ಬೇಕಿಲ್ಲ, ದಿನಾ ಬರುವ ಒಬ್ಬರು ಬೇಕು.

ಹಂಚಿಕೊಂಡು ಬಳಸುವ ಯಂತ್ರದ್ದು ಇನ್ನೊಂದು ಪಾಡು. ಬೆಳಿಗ್ಗೆ ಇಲಿಯ ಗುಲ್ಮದ ಕೋಶ, ಮಧ್ಯಾಹ್ನ ಯೀಸ್ಟ್, ಸಂಜೆ ಮನುಷ್ಯರ ರಕ್ತ. ಒಬ್ಬರು ಗಂಟು ಗಂಟಾದ ಮಾದರಿಯನ್ನು ಸೋಸದೆ ಹಾಕಿದರೆ ಸೂಜಿ ಕಟ್ಟಿಕೊಳ್ಳುತ್ತೆ. ಅದಕ್ಕೇ 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ ತನ್ನಿ ಅಂತ ಗೋಡೆ ಮೇಲೆ ಅಂಟಿಸಿರ್ತೀವಿ. ಅಕ್ರಿಡಿನ್ ಆರೆಂಜ್‌ನಂಥ ಬಣ್ಣ ಪೈಪಿಗೆ ಅಂಟಿಕೊಂಡರೆ ಮುಂದಿನವರ ಮಾದರಿಯೂ ಹೊಳೆಯುತ್ತೆ. ಬಳಸಿದ ಮೇಲೆ ತೆಳು ಮಾಡಿದ ಬ್ಲೀಚ್, ಆಮೇಲೆ ಶುದ್ಧ ನೀರು, ತಲಾ ಕೆಲವು ನಿಮಿಷ ಓಡಿಸಿ ಎದ್ದು ಹೋಗಬೇಕು. ‘ಸರ್, ನನ್ನ ಸ್ಲಾಟ್ ಮುಗೀತು, ಬಸ್‌ಗೆ ಹೊತ್ತಾಯ್ತು’ ಅಂತ ಓಡುವವರನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದೇನೆ. ಹತ್ತು ನಿಮಿಷದ ಜಗಳ, ಆದರೆ ಮರುದಿನದ ಅರ್ಧ ದಿನ ಉಳಿಯುತ್ತೆ.

ಇದು ಬರೀ ಸಂಶೋಧನೆಯ ಮಾತಲ್ಲ. ಆಸ್ಪತ್ರೆಗಳಲ್ಲೂ ಇದೇ ಬಗೆಯ ಯಂತ್ರ ಇದೆ. ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಮಗುವಿನ ಮೂಳೆಮಜ್ಜೆಯಲ್ಲಿ ರೋಗದ ಕೋಶ ಉಳಿದಿದೆಯಾ ಅಂತ ನೋಡುವಾಗ 10,000 ಕೋಶಗಳಲ್ಲಿ ಒಂದನ್ನು ಹುಡುಕುತ್ತಾರೆ. ಹಿಂದಿನ ಮಾದರಿಯ ನಾಲ್ಕಾರು ಕೋಶ ಪೈಪಿನಲ್ಲಿ ಉಳಿದಿದ್ದರೂ ಉತ್ತರ ಬದಲಾಗಬಹುದು. ಎಚ್‌ಐವಿ ಇರುವವರ ಸಿಡಿ4 ಎಣಿಕೆಯನ್ನೇ ನೋಡಿ. ಭಾರತದಲ್ಲಿ 2017ರಿಂದ, ಎಣಿಕೆ ಎಷ್ಟೇ ಇರಲಿ, ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ಕೊಡುವ ನೀತಿ ಇದೆ. ಆದರೂ ಒಂದು ಮೈಕ್ರೋಲೀಟರ್ ರಕ್ತದಲ್ಲಿ 200ಕ್ಕಿಂತ ಕಡಿಮೆಯಾದರೆ ರೋಗ ಮುಂದುವರಿದಿದೆ ಅಂತ ತಿಳಿದು, ಕ್ಷಯ ಮುಂತಾದ ಸೋಂಕುಗಳಿಗೆ ವಿಶೇಷ ತಪಾಸಣೆ ಮಾಡುತ್ತಾರೆ. 190ಕ್ಕೂ 215ಕ್ಕೂ ಇರುವ ವ್ಯತ್ಯಾಸ ಒಬ್ಬ ಮನುಷ್ಯನ ಮುಂದಿನ ದಾರಿಯನ್ನು ಬದಲಿಸಬಹುದು.

ಇಷ್ಟೆಲ್ಲ ಗೊತ್ತಿದ್ದೂ ಯಂತ್ರಗಳು ಯಾಕೆ ಹಾಳಾಗುತ್ತವೆ? ಉತ್ತರ ದುಡ್ಡಿನ ಲೆಕ್ಕದಲ್ಲಿದೆ. ಸಂಶೋಧನಾ ಯೋಜನೆಯಲ್ಲಿ ಯಂತ್ರ ಕೊಳ್ಳೋಕೆ ಒಂದು ತಲೆಬರಹ, ದಿನದ ಖರ್ಚಿಗೆ ಇನ್ನೊಂದು. ಯೋಜನೆ ಮುಗಿದ ಮೇಲೆ ಎರಡನೆಯದು ನಿಂತುಹೋಗುತ್ತೆ. ವಾರಂಟಿ ಮುಗಿಯೋದೂ ಹೆಚ್ಚುಕಡಿಮೆ ಆಗಲೇ. ಆಮೇಲೆ ವಾರ್ಷಿಕ ನಿರ್ವಹಣಾ ಒಪ್ಪಂದ ಬೇಕು. ಎಎಂಸಿ ಅಂದ್ರೆ ಎಂಜಿನಿಯರ್ ಬಂದು ನೋಡ್ತಾರೆ, ಬಿಡಿಭಾಗಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡು. ಸಿಎಂಸಿ ಅಂದ್ರೆ ಹೆಚ್ಚಿನ ಬಿಡಿಭಾಗಗಳೂ ಸೇರಿ. ಲೇಸರ್ ಅದರೊಳಗೆ ಬರುತ್ತಾ ಅನ್ನೋದನ್ನು ಸಹಿ ಹಾಕುವ ಮುಂಚೆ ಓದಬೇಕು. ವರ್ಷಕ್ಕೆ ಯಂತ್ರದ ಬೆಲೆಯ ಹತ್ತನೇ ಒಂದು ಪಾಲಿನ ಆಸುಪಾಸು ಅಂತ ಲೆಕ್ಕ ಹಿಡಿಯೋದು ರೂಢಿ. ಒಪ್ಪಂದ ಇಲ್ಲದಿದ್ದರೆ ಬಿಡಿಭಾಗ ವಿದೇಶದಿಂದ ಬರಬೇಕು, ಟೆಂಡರ್, ಕಸ್ಟಮ್ಸ್, ವಾರಗಟ್ಟಲೆ ಕಾಯೋದು. ನಾನು ಹೋಗಿ ನೋಡಿದ ಒಂದು ಸಂಸ್ಥೆಯಲ್ಲಿ ಯಂತ್ರದ ಮೇಲೆ ಬಟ್ಟೆ ಹೊದಿಸಿ ಎರಡು ವರ್ಷವಾಗಿತ್ತು. ಕೆಟ್ಟಿದ್ದು ಒಂದು ಪಂಪು.

ಹಂಚಿಕೆಯ ಸೌಲಭ್ಯಗಳು ಹುಟ್ಟಿದ್ದು ಇದಕ್ಕೇ. ಒಂದೊಂದು ಪ್ರಯೋಗಾಲಯಕ್ಕೆ ಒಂದೊಂದು ಯಂತ್ರ ಕೊಡುವ ಬದಲು, ಎಲ್ಲರಿಗೂ ಸೇರಿ ಒಂದು ಕೇಂದ್ರ, ಗಂಟೆಗೆ ಇಷ್ಟು ಅಂತ ಶುಲ್ಕ, ಆ ಶುಲ್ಕದಿಂದ ನಿರ್ವಹಣೆ. ಬೆಂಗಳೂರಿನ ಐಐಎಸ್‌ಸಿ, ಎನ್‌ಸಿಬಿಎಸ್‌ಗಳಲ್ಲಿ ಇಂಥ ಫ್ಲೋ ಸೈಟೊಮೆಟ್ರಿ ಕೇಂದ್ರಗಳಿವೆ. ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಅಂತ ಹುಡುಕಿ ಕಾಯ್ದಿರಿಸಲು ಐ-ಸ್ಟೆಮ್ ಎಂಬ ಪೋರ್ಟಲ್ ಇದೆ. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್‌ನಲ್ಲಿ ಪ್ರಧಾನಿ ಅದನ್ನು ಉದ್ಘಾಟಿಸಿದರು. ಸಣ್ಣ ಊರಿನ ಕಾಲೇಜಿನ ವಿದ್ಯಾರ್ಥಿಗೂ ದೊಡ್ಡ ಯಂತ್ರ ಸಿಗುವ ದಾರಿ ಇದು.

ಆದರೆ ಪೋರ್ಟಲ್ ಯಂತ್ರವನ್ನು ತೊಳೆಯೋದಿಲ್ಲ. ಬೀಡ್ ಓಡಿಸೋದಿಲ್ಲ. ಎಷ್ಟೋ ಕಡೆ ಈ ಕೆಲಸಕ್ಕೆ ಇರೋದು ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆ ಹುದ್ದೆ. ಯಂತ್ರದ ನಾಡಿ ಹಿಡಿಯೋಕೆ ಒಂದೆರಡು ವರ್ಷ ಬೇಕು. ಕಲಿತವರು ಹೊರಟುಹೋದರೆ ಅವರ ಜತೆ ಆ ಅರಿವೂ ಹೊರಟಿತು. ಲಾಗ್‌ಬುಕ್‌ನಲ್ಲಿ ಬರೆದಿದ್ದಷ್ಟೇ ಉಳಿಯುತ್ತೆ.

ಹಾಗಾಗಿ ನನ್ನ ಮಾತು ಇಷ್ಟು. ಯಂತ್ರ ಕೊಳ್ಳುವ ಪ್ರಸ್ತಾವ ಬರೆಯುವಾಗ ಐದು ವರ್ಷದ ನಿರ್ವಹಣೆಯ ದುಡ್ಡನ್ನೂ ಅದನ್ನು ನೋಡಿಕೊಳ್ಳುವವರ ಸಂಬಳವನ್ನೂ ಅದರಲ್ಲೇ ಬರೆಯಿರಿ. ನೀವು ಬಳಕೆದಾರರಾಗಿದ್ದರೆ, ಮಾದರಿ ಹಾಕುವ ಮುಂಚೆ ‘ಇವತ್ತಿನ ಬೀಡ್ ರಿಪೋರ್ಟ್ ಎಲ್ಲಿ?’ ಅಂತ ಕೇಳಿ. ಅದನ್ನು ತೋರಿಸಲು ಒಬ್ಬರು ಅಲ್ಲಿದ್ದರೆ, ಬರುವ ಸಂಖ್ಯೆಯನ್ನು ನಂಬಲು ನಿಮಗೊಂದು ಕಾರಣ ಸಿಕ್ಕಿತು.

ನಿಮ್ಮ ಪ್ರಶ್ನೆಗಳಿದ್ದರೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.